ಹೊಸ್ತಿಲ ಮುಂದಿನ ಕಲ್ಲು

ನೆಲಕ್ಕೆ ಫರಸಿ ಕಲ್ಲು ಹಾಸುವ ಕೆಲಸದಲ್ಲಿ ನಾನು ನಲವತ್ತಕ್ಕೂ ಹೆಚ್ಚು ವರ್ಷ ಕಳೆದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳಲ್ಲಿ ನಾನು ಮೊಣಕಾಲೂರದ ದೊಡ್ಡ ಊರು ಇಲ್ಲ. ಹಾಸಿದ ಮನೆಗಳು ಎಷ್ಟೋ ಮರೆತುಹೋಗಿವೆ. ಗುಡಿ, ಮಸೀದಿ, ದರ್ಗಾ, ಮಠಗಳು ಮಾತ್ರ ಒಂದೊಂದೂ ನೆನಪಿನಲ್ಲಿವೆ. ಕೆಲಸ ಬಿಟ್ಟು ಆರು ವರ್ಷವಾಯಿತು. ಈಗ ಮೊಣಕಾಲು ಮಡಚುವುದು ಕಷ್ಟ, ನಮಾಜನ್ನೂ ಕುರ್ಚಿಯ ಮೇಲೆ ಕೂತೇ ಮಾಡುತ್ತೇನೆ.

ಹೊಸದಾಗಿ ಈ ಕೆಲಸಕ್ಕೆ ಇಳಿದವರು ಆಗಾಗ ಬಾಗೇವಾಡಿಯ ನಮ್ಮ ಮನೆಗೆ ಬರುತ್ತಾರೆ. "ಕಾಕಾ, ಗ್ರಾನೈಟಿಗೆ ಯಾವ ಕಂಪನಿ ಗೋಂದು ಚಲೋರಿ?" "ಕಾಕಾ, ಇಳಿಜಾರು ಎಷ್ಟ ಕೊಡಬೇಕ್ರಿ?" ಎಂದು ಕೇಳುತ್ತಾರೆ. ತಿಳಿದಷ್ಟು ಹೇಳುತ್ತೇನೆ. ಅವರು ಕೇಳದ ಒಂದು ಮಾತು ಇದೆ. ಅದನ್ನು ಈಗ ಬರೆಯುತ್ತಿದ್ದೇನೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು, ಚಂದ ಮಾಡಿ ಬರೆಯಲು ಬರುವುದಿಲ್ಲ. ಒಂದು ಗುಡಿಯಲ್ಲಿ ಹೊಸ್ತಿಲ ಮುಂದಿನ ಕಲ್ಲನ್ನು ನಾನು ಪೊಳ್ಳಾಗಿ ಹಾಸಿದೆ. ಊರವರು ಆ ಪೊಳ್ಳಿಗೆ ಕೈಮುಗಿದರು. ನಾನು ಮೂವತ್ತು ವರ್ಷ ಸುಮ್ಮನಿದ್ದೆ. ಮಾತು ಇಷ್ಟೇ. ಆದರೆ ಅದು ಹೇಗಾಯಿತು ಎಂಬುದು ಈ ಕೆಲಸಕ್ಕೆ ಬರುವವರಿಗೆ ಗೊತ್ತಿರಲಿ.

ನಮ್ಮದು ಪಿಂಜಾರರ ಮನೆತನ. ಮನೆಮಾತು ಕನ್ನಡ. ಅಜ್ಜನ ಕಾಲಕ್ಕೆ ಅರಳೆ ಬಡಿದು ಗಾದಿ ಹೊಲಿಯುತ್ತಿದ್ದರು. ಆ ಕಸುಬು ಕುಂದಿದಾಗ ನನ್ನ ತಾಯಿಯ ಅಣ್ಣ ಹುಸೇನಮಾಮಾ ಗೌಂಡಿಗಳ ಜೊತೆ ಸೇರಿ ಕಲ್ಲು ಹಾಸುವುದನ್ನು ಕಲಿತರು. ಪರೀಕ್ಷೆಯ ಫಲಿತಾಂಶ ಬಂದ ವಾರವೇ ನಾನು ಅವರ ಹಿಂದೆ ಹೊರಟೆ. ಆಗ ಎಲ್ಲ ಕಡೆ ತಾಳಿಕೋಟಿ ಕಲ್ಲು. ಮುದ್ದೇಬಿಹಾಳದ ಕಡೆಯಿಂದ ಲಾರಿಯಲ್ಲಿ ಬರುತ್ತಿತ್ತು. ನಾವು ಕೆಂಪು ಬಸ್ಸಿನಲ್ಲಿ ಹೋಗುತ್ತಿದ್ದೆವು, ಕಾಲ ಬಳಿ ಗೋಣಿಚೀಲ, ಚೀಲದಲ್ಲಿ ಗಾರೆ ಹಚ್ಚುವ ಥಾಪಿ, ಸುತ್ತಿಗೆ, ಉಳಿ, ದಾರದ ಉಂಡೆ, ಮಟ್ಟ ನೋಡುವ ನೀರಿನ ನಳಿಕೆ. ಮಧ್ಯಾಹ್ನ ಬೇವಿನ ಮರದ ಕೆಳಗೆ ಕೂತರೆ ಊರಿನವರು ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದು ಕೊಡುತ್ತಿದ್ದರು. ದೇವರ ಕೆಲಸಕ್ಕೆ ಬಂದವರಿಗೆ ಊಟ ಊರಿನದು ಎಂಬುದು ಪದ್ಧತಿ. ಆ ಊಟದ ರುಚಿ ಆಮೇಲೆ ಯಾವ ಬಂಗಲೆಯ ಕೆಲಸದಲ್ಲೂ ಸಿಗಲಿಲ್ಲ.

ಮಾಮಾ ದೇವರ ಜಾಗದಲ್ಲಿ ಕೆಲಸ ಮಾಡುವಾಗ ಕೆಲವು ಕಟ್ಟುಪಾಡು ಇಟ್ಟುಕೊಂಡಿದ್ದರು. ಚಾವಣಿ ಇರಲಿ ಬಿಡಲಿ, ಗೋಡೆ ಎದ್ದಿರಲಿ ಬಿಡಲಿ, ಪಾಯದ ಗುರುತು ಬಿದ್ದ ಮೇಲೆ ಒಳಗೆ ಚಪ್ಪಲಿ ಇಲ್ಲ. ತಂಬಾಕು ಇಲ್ಲ. ಕೆಟ್ಟ ಬೈಗುಳ ಇಲ್ಲ, ಸುತ್ತಿಗೆ ಬೆರಳ ಮೇಲೆ ಬಿದ್ದರೂ ಇಲ್ಲ. "ಮಾಮಾ, ಇನ್ನ ಇಲ್ಲಿ ದೇವರ ಬಂದೇ ಇಲ್ಲಲ್ಲ," ಎಂದು ನಾನೊಮ್ಮೆ ಕೇಳಿದ್ದೆ. ಅವರು ದಾರ ಎಳೆಯುತ್ತ, "ಬೀಗರ ಬರೂದರಾಗ ಮನಿ ಹಸನ ಮಾಡತಾರೋ, ಬಂದ ಮ್ಯಾಲ ಮಾಡತಾರೋ?" ಎಂದರು.

ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು ಬಡಿದು ನೋಡುವುದು. ಕಲ್ಲು ಕೂರಿಸಿದ ಮರುದಿನ ಮಾಮಾ ಥಾಪಿಯ ಕಟ್ಟಿಗೆ ಹಿಡಿಯಿಂದ ಒಂದೊಂದೇ ಕಲ್ಲನ್ನು ಬಡಿಯುತ್ತ ಹೋಗುತ್ತಿದ್ದರು. ಕೆಳಗೆ ಗಾರೆ ತುಂಬಿ ಕೂತ ಕಲ್ಲು ಠಕ್ ಎನ್ನುತ್ತದೆ. ಕೆಳಗೆ ಜಾಗ ಉಳಿದಿದ್ದರೆ ಧಂಯ್ ಎನ್ನುತ್ತದೆ, ಅದು ಪೊಳ್ಳು. ಪೊಳ್ಳು ಸಿಕ್ಕರೆ ಮಾಮಾ ಬೈಯುತ್ತಿರಲಿಲ್ಲ. ಆ ಕಲ್ಲಿನ ಮೇಲೆ ಥಾಪಿ ಇಟ್ಟು ಮುಂದೆ ಹೋಗುತ್ತಿದ್ದರು. ನಾವು ಅದನ್ನು ಎತ್ತಿ ಮತ್ತೆ ಹಾಸಬೇಕು.

ನನ್ನ ಮೊದಲ ದೊಡ್ಡ ತಪ್ಪು ಆದದ್ದು ಇಂಡಿ ಕಡೆಯ ಒಂದು ಮಸೀದಿಯಲ್ಲಿ. ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಕಟ್ಟೆಯ ಸುತ್ತ ಕಲ್ಲು ಹಾಸುವುದನ್ನು ಮಾಮಾ ನನಗೆ ಒಪ್ಪಿಸಿದ್ದರು. ಮಟ್ಟದ ನಳಿಕೆಯಲ್ಲಿ ಗಾಳಿಗುಳ್ಳೆ ಸೇರಿದ್ದನ್ನು ನಾನು ನೋಡಲಿಲ್ಲ. ಇಳಿಜಾರು ತಿರುಗಾಮುರುಗಾ ಆಯಿತು. ಮೊದಲ ಶುಕ್ರವಾರ ಜನ ಸೇರಿ ನೀರು ಬಿಟ್ಟರೆ, ಅದೆಲ್ಲ ಚರಂಡಿಗೆ ಹೋಗದೆ ಒಳಗೆ ನಮಾಜಿನ ಜಾಗಕ್ಕೆ ಹರಿಯಿತು. ಸಾಲಿನಲ್ಲಿ ನಿಂತವರ ಕಾಲಡಿ ಒದ್ದೆ. ಒಬ್ಬ ಮುದುಕರು ಲುಂಗಿ ಎತ್ತಿ ಹಿಡಿದು, "ಹುಸೇನಸಾಬ್, ನಾವ ನಮಾಜ ಮಾಡಾಕ ಬಂದೇವಿ, ಈಸ ಹೊಡಿಯಾಕಲ್ಲ!" ಎಂದರು. ಮಸೀದಿಯೆಲ್ಲ ನಗು. ನಾನು ಕಂಬದ ಮರೆಗೆ ಸರಿದೆ. ಮಾಮಾ ಎದ್ದು ನಿಂತು, "ತಪ್ಪು ನಮ್ಮದು. ಸೋಮವಾರದಿಂದ ಎತ್ತಿ ಹಾಕ್ತೇವ್ರಿ," ಎಂದರು. ನಾಲ್ಕು ದಿನ ಅವರೇ ಕೂತು ಎತ್ತಿ ಹಾಸಿದರು. ಆ ತಪ್ಪನ್ನು ಜನ ನಗುತ್ತ ಹೇಳಿದರು, ನಾನೂ ನಗುತ್ತ ಹೇಳುತ್ತೇನೆ. ಅದು ಅಲ್ಲಿಗೇ ಮುಗಿಯಿತು.

ಮುಗಿಯದೆ ಉಳಿದದ್ದು ಆಲಮೇಲದ ಆಚೆ, ಭೀಮಾ ನದಿಯ ಕಡೆಯ ಹಳ್ಳಿಯಲ್ಲಿ ಆದದ್ದು. ಹಳ್ಳಿಯ ಹೆಸರು ಬರೆಯುವುದಿಲ್ಲ. ಅಲ್ಲಿ ಹಿಂದೊಮ್ಮೆ ಬಾಳಿದ್ದ ಒಬ್ಬ ಸಾಧುವಿನ ಗುಡಿಯಿತ್ತು. ಊರವರು ಆತನನ್ನು ಬರೀ ಅಜ್ಜ ಎನ್ನುತ್ತಿದ್ದರು. ಆತನ ಸಮಾಧಿ ಅಲ್ಲೇ ಎಲ್ಲೋ ಇದೆ, ಇಂಥ ಕಡೆ ಎಂದು ಯಾರಿಗೂ ಗೊತ್ತಿಲ್ಲ. ಮಣ್ಣಿನ ಗುಡಿ ಮಳೆಗೆ ಕುಸಿದಿತ್ತು. ಹೊಸದಾಗಿ ಕಲ್ಲಿನಲ್ಲಿ ಕಟ್ಟಲು ಊರಿನ ಗೌಡರು ಸಭೆ ಸೇರಿಸಿದರು. ನೆಲದ ಕೆಲಸ ಒಪ್ಪಿಕೊಂಡ ನಾವೂ ಆ ಸಭೆಯಲ್ಲಿದ್ದೆವು. ಒಬ್ಬ ಬಂಡಿ ಕೊಡುತ್ತೇನೆ ಎಂದ, ಒಬ್ಬ ಬಾಗಿಲಿಗೆ ಸಾಗವಾನಿ ಎಂದ, ಒಬ್ಬ ಕಳಸ ಎಂದ. ಕೊನೆಗೆ ಹೆಂಗಸರ ನಡುವಿನಿಂದ ಒಬ್ಬಳು ಎದ್ದಳು. ನನಗಿಂತ ಏಳೆಂಟು ವರ್ಷ ದೊಡ್ಡವಳು. ಗಂಡ ತೀರಿದ್ದ, ಕೂಲಿ ಮಾಡಿ ಬದುಕುತ್ತಿದ್ದಳು. ಹೆಸರು ಗಂಗವ್ವ.

"ನನ್ನ ಕಡೆ ಕೊಡಾಕ ಏನೂ ಇಲ್ರಿ. ಗುಡಿಗಿ ಬರೋ ಉಸುಕು ಅಷ್ಟೂ ನಾ ಸೋಸಿ ಕೊಡತೇನಿ," ಎಂದಳು.

ಯಾರೋ ಹಿಂದಿನಿಂದ, "ಗಂಗವ್ವಾ, ಅರ್ಧ ಭೀಮಿ ಹೊಳೀನ ಸೋಸಬೇಕಾದೀತ ನೋಡು," ಎಂದರು.

"ಸೋಸತೇನಿ. ನೀ ಹೊತ್ತ ತಂದ ಹಾಕು," ಎಂದು ಆಕೆ ಕೂತಳು.

ಆಡಿದಂತೆ ಮಾಡಿದಳು. ಬೆಳಿಗ್ಗೆ ಕೂಲಿಗೆ ಹೋಗಿ ಮಧ್ಯಾಹ್ನ ಬಂದವಳು ಹೊತ್ತು ಮುಳುಗುವವರೆಗೆ ಸಾಣಿಗೆ ಆಡಿಸುತ್ತಿದ್ದಳು. ಗೋಡೆಗೆ, ಗಿಲಾವಿಗೆ, ನೆಲಕ್ಕೆ, ಎಲ್ಲದಕ್ಕೂ ಆಕೆ ಸೋಸಿದ ಉಸುಕೇ. ನಾನು ಅಷ್ಟು ಹಸನಾದ ಉಸುಕನ್ನು ಯಾವ ಕೆಲಸದಲ್ಲೂ ಕಂಡಿಲ್ಲ. ಒಂದು ದಿನ ಕೇಳಿದೆ:

"ಅಕ್ಕಾ, ಕಲ್ಲಿನ ಬುಡಕ ಹೋಗೋ ಉಸುಕಿಗಿ ಇಷ್ಟ ಯಾಕ? ಸಣ್ಣ ಹರಳ ಇದ್ರೂ ನಡೀತೈತಿ."

"ಅಜ್ಜ ಓಡಾಡೋ ಜಾಗ ತಮ್ಮಾ. ಹರಳು ಚುಚ್ಚಿದ್ರ?"

"ಕಲ್ಲಿನ ಬುಡಕಿನ ಹರಳು ಮ್ಯಾಲ ಓಡಾಡೋರಿಗಿ ಹೆಂಗ ಚುಚ್ಚತಾವ?"

"ನಿನಗ ಚುಚ್ಚಂಗಿಲ್ಲ. ಅಂವಗ ಚುಚ್ಚತಾವ," ಎಂದು ನಕ್ಕಳು.

ಗರ್ಭಗುಡಿಯ ಹೊಸ್ತಿಲ ಮುಂದೆ ಒಂದು ದೊಡ್ಡ ಕಲ್ಲು ಬರಬೇಕಿತ್ತು. ಎಲ್ಲರೂ ಅದರ ಮೇಲೆ ನಿಂತೇ ಕೈಮುಗಿಯಬೇಕು. ಆ ಒಂದು ಕಲ್ಲಿಗಾಗಿ ಗಂಗವ್ವ ಬೇರೆಯಾಗಿ ಐದು ಬುಟ್ಟಿ ಉಸುಕು ಸೋಸಿಟ್ಟಿದ್ದಳು. ಮೂರು ಸಲ ಸೋಸಿದ್ದು. ಹಿಟ್ಟಿನಂತಿತ್ತು. ನಾಯಿ ಕೋಳಿ ಕೆದರದಿರಲಿ ಎಂದು ಅದರ ಮೇಲೆ ತನ್ನ ಹಳೆಯ ಇಳಕಲ್ ಸೀರೆ ಹೊದಿಸಿ, ನಾಲ್ಕು ಮೂಲೆಗೆ ಕಲ್ಲು ಇಟ್ಟಿದ್ದಳು.

ಗುಡಿ ತೆರೆಯುವ ದಿನ ಗೊತ್ತಾಗಿತ್ತು. ಅದಕ್ಕೆ ಎರಡು ದಿನ ಮುಂಚೆ ಮಾಮಾ ಅಂಚು ಮುರಿದ ಒಂದು ಕಲ್ಲಿಗೆ ಬದಲಿ ತರಲು ಮುದ್ದೇಬಿಹಾಳಕ್ಕೆ ಹೋದರು. ಅದು ಬಿಟ್ಟರೆ ಉಳಿದದ್ದು ಆ ಹೊಸ್ತಿಲ ಮುಂದಿನ ಕಲ್ಲು ಒಂದೇ. ಅದೇ ಮಧ್ಯಾಹ್ನ ಸಿಂದಗಿಯ ಒಬ್ಬ ಸಾಹುಕಾರರ ಮನುಷ್ಯ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ಅವರ ಹೊಸ ಮನೆಯ ಪಡಸಾಲೆ ಹಾಸಲು ನಾನು ಮಾಮಾನ ಹೆಸರು ಬಿಟ್ಟು ನನ್ನ ಸ್ವಂತ ಹೆಸರಿನಲ್ಲಿ ಒಪ್ಪಿಕೊಂಡ ಮೊದಲ ಕೆಲಸ ಅದು.

"ಇವತ್ತ ಸುರು ಮಾಡ್ತಿ ಅಂದ್ರ ಟ್ರ್ಯಾಕ್ಟರ್ ಹತ್ತು. ಇಲ್ಲಂದ್ರ ಬ್ಯಾರೆ ಗೌಂಡಿ ತಯಾರ ಅದಾನ," ಎಂದ. ಆಮೇಲೆ ಸೀರೆ ಸರಿಸಿ ಉಸುಕನ್ನು ಮುಟ್ಟಿ ನೋಡಿ, "ಅಲ್ಲಿ ಉಸುಕ ಬರೇ ಹರಳ ಐತಿ. ಇದ ಭಾರಿ ಐತಲ್ಲೋ, ಇದನ್ನ ಹಾಕ್ಕೊಂಡ ಹೋಗೋಣ," ಎಂದ.

ನಾನು ಬೇಡ ಎನ್ನಲಿಲ್ಲ. ಬರೆಯಲು ಕಷ್ಟವಾಗುವುದು ಈ ವಾಕ್ಯವೇ. ಅವನು ಒತ್ತಾಯ ಮಾಡಲಿಲ್ಲ, ಹೆದರಿಸಲಿಲ್ಲ. ಸೋಸುವ ಶ್ರಮ ಉಳಿಯುತ್ತದೆ, ಪಡಸಾಲೆ ಚಂದ ಬರುತ್ತದೆ, ನನ್ನ ಹೆಸರು ನಿಲ್ಲುತ್ತದೆ ಎಂದು ನಾನೇ ಯೋಚಿಸಿ ಐದೂ ಬುಟ್ಟಿ ಚೀಲಕ್ಕೆ ತುಂಬಿ ಟ್ರ್ಯಾಕ್ಟರಿಗೆ ಏರಿಸಿದೆ. ಸೀರೆಯನ್ನು ಮಡಚಿ ಕಟ್ಟೆಯ ಮೇಲಿಟ್ಟೆ. ಬಾಣಲೆಯಲ್ಲಿ ಉಳಿದಿದ್ದ ಗಾರೆಯಿಂದ ಐದು ಉಂಡೆ ಮಾಡಿದೆ, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಅದರ ಮೇಲೆ ಕಲ್ಲು ಕೂರಿಸಿ, ಸಂದುಗಳನ್ನು ಸಿಮೆಂಟಿನಿಂದ ಬಹಳ ಅಚ್ಚುಕಟ್ಟಾಗಿ ಮುಚ್ಚಿದೆ. ಮೇಲಿನಿಂದ ನೋಡಿದರೆ ಇಡೀ ಗುಡಿಯಲ್ಲಿ ಅದೇ ಚಂದದ ಕಲ್ಲು.

ಮರುದಿನ ಸಿಂದಗಿಯಿಂದ ಬಂದಾಗ ಗಂಗವ್ವ ಮಡಚಿದ ಸೀರೆ ಹಿಡಿದು ಗುಡಿಯ ಮುಂದೆ ನಿಂತಿದ್ದಳು. ಮುಖ ಅರಳಿತ್ತು.

"ಉಸುಕ ಎಲ್ಲಾ ಹಿಡೀತೇನ ತಮ್ಮಾ?"

"ಹಿಡೀತಕ್ಕಾ. ಒಂದ ಬೊಗಸಿನೂ ಉಳೀಲಿಲ್ಲ."

ಆಕೆ ಆ ಸೀರೆಯನ್ನು ಕಣ್ಣಿಗೆ ಒತ್ತಿಕೊಂಡಳು. ಸಂಜೆ ಮಾಮಾ ಬಂದು ಬದಲಿ ಕಲ್ಲು ಕೂರಿಸುತ್ತ, "ಹೊಸ್ತಿಲ ಕಲ್ಲ ಬಡದ ನೋಡಿದ್ಯಾ?" ಎಂದು ಕೇಳಿದರು. "ನೋಡೇನಿ ಮಾಮಾ," ಎಂದೆ. ಅವರು ನನ್ನನ್ನು ನಂಬಿದರು. ನನ್ನ ಮಾತು ನಂಬಿ ಅವರು ಬಡಿಯದೆ ಬಿಟ್ಟ ಕಲ್ಲು ಅದೊಂದೇ.

ವರ್ಷ ತುಂಬಿರಲಿಲ್ಲ. ಆಲಮೇಲದ ಬಸ್ ನಿಲ್ದಾಣದಲ್ಲಿ ಆ ಊರಿನ ಗೌಡರು ನನ್ನನ್ನು ಕಂಡು ದೂರದಿಂದಲೇ ಕೈ ಎತ್ತಿದರು. "ಸಾಬಣ್ಣಾ, ನಿನ್ನ ಕೈಗುಣ ಏನೋ ಮಾರಾಯಾ! ಅಜ್ಜ ಮಾತಾಡಾಕತ್ತಾನ." ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಸೋಮವಾರದ ಭಜನೆಯಲ್ಲಿ ಯಾರೋ ದಪ್ಪು ಜೋರಾಗಿ ಬಾರಿಸಿದಾಗ ಹೊಸ್ತಿಲ ಮುಂದಿನ ಕಲ್ಲು ಗುಂಯ್ ಎಂದು ದನಿಗೊಟ್ಟಿತಂತೆ. ಗಂಗವ್ವ ತುಂಬಿದ ಕೊಡ ಇಳಿಸಿದಾಗ ಮತ್ತೆ ನುಡಿಯಿತಂತೆ. ಬೇರೆ ಕಲ್ಲುಗಳನ್ನು ಬಡಿದು ನೋಡಿದರು, ಅವು ಮೂಕ. ಅಂದ ಮೇಲೆ ಅಜ್ಜನ ಸಮಾಧಿ ಸರಿಯಾಗಿ ಅದರ ಕೆಳಗೇ ಇದೆ, ಅಲ್ಲಿಂದ ಆತ ಓಗೊಡುತ್ತಿದ್ದಾನೆ.

ಆ ಬಸ್ ನಿಲ್ದಾಣದಲ್ಲೇ ಹೇಳಬಹುದಿತ್ತು. ಗೌಡರು ನಗುತ್ತಿದ್ದರು, ನಾನೂ ನಕ್ಕೆ.

ಆಮೇಲೆ ಯಾರೂ ಆ ಕಲ್ಲಿನ ಮೇಲೆ ಕಾಲಿಡಲಿಲ್ಲ. ಸುತ್ತ ಹಿತ್ತಾಳೆಯ ಕಂಬಿ ಬಂತು. ಒಳಗೆ ಹೋಗುವವರು ಗೋಡೆಗೆ ಒರಗಿ ಪಕ್ಕದಿಂದ ಸರಿದು ಹೋಗಬೇಕು. ಯಾರೂ ಕಾಲಿಡದ್ದರಿಂದಲೇ ಅದು ಒಡೆಯದೆ ಉಳಿಯಿತು, ಇಲ್ಲವಾದರೆ ಎರಡು ವರ್ಷದಲ್ಲಿ ಸೀಳಿ ನನ್ನ ಬಣ್ಣ ಬಯಲಾಗುತ್ತಿತ್ತು. ಜನ ಅದರ ಮೇಲೆ ತೆಂಗಿನಕಾಯಿ ಕುಟ್ಟಿ ಕೇಳುವುದನ್ನು ಶುರುಮಾಡಿದರು. ದೊಡ್ಡ ದನಿ ಬಂದರೆ ಅಜ್ಜನ ಒಪ್ಪಿಗೆ, ಸಣ್ಣ ದನಿ ಬಂದರೆ ಇಲ್ಲ. ಎಲ್ಲಿ ಬೋರ್ ಕೊರೆಯಬೇಕು, ಯಾವ ಹೆಣ್ಣನ್ನು ತರಬೇಕು, ಎಮ್ಮೆ ಮಾರಬೇಕೋ ಬೇಡವೋ, ಎಲ್ಲ ಅಲ್ಲೇ ತೀರ್ಮಾನ. ನಟ್ಟನಡುವೆ, ಇಲ್ಲವೆ ಮೂಲೆಯಲ್ಲಿ ಕುಟ್ಟಿದರೆ ಕೆಳಗೆ ಗಾರೆಯ ಉಂಡೆ ಇದೆ, ದನಿ ಸಣ್ಣದು. ಉಂಡೆ ಇಲ್ಲದ ಕಡೆ ಕುಟ್ಟಿದರೆ ದೊಡ್ಡದು. ಇದು ನನಗೊಬ್ಬನಿಗೆ ಗೊತ್ತು.

ಅಜ್ಜ ಮಾತಾಡುವ ಹಾಗೆ ಕಲ್ಲು ಹಾಸಿದ ಗೌಂಡಿ ಎಂದು ನನಗೆ ಹೆಸರು ಬಂತು. ಊರೂರಿನಿಂದ ಕರೆದರು. ಇಂಡಿ ಸಿಂದಗಿ ತಾಲೂಕುಗಳಲ್ಲಿ ನಾನು ಹಾಸಿದ ಮುಕ್ಕಾಲು ಪಾಲು ಗುಡಿಗಳು ಆ ಹೆಸರಿನಿಂದಲೇ ಬಂದವು.

ಸುದ್ದಿ ಮಾಮಾನ ಕಿವಿಗೂ ಬಿತ್ತು. "ನೋಡಬೇಕಲ್ಲ," ಎಂದು ನನ್ನನ್ನೂ ಕರೆದುಕೊಂಡು ಹೊರಟರು. ಪೂಜಾರಿ ಸಂಭ್ರಮದಿಂದ ಕಂಬಿ ಸರಿಸಿ, "ಕೇಳ್ರಿ ಉಸ್ತಾದ, ಅಜ್ಜ ಹೆಂಗ ನುಡೀತಾನ," ಎಂದ. ಮಾಮಾ ಮೊಣಕಾಲೂರಿ ಕೂತು ಬೆರಳಿನ ಗೆಣ್ಣಿನಿಂದ ಬಡಿದರು. ನಾಲ್ಕು ಮೂಲೆ, ನಡು. ಐದೂ ಉಂಡೆಗಳನ್ನು ಅವರು ಕಂಡುಹಿಡಿದದ್ದು ನನಗೆ ಅವರ ಬೆನ್ನು ನೋಡಿಯೇ ತಿಳಿಯಿತು. ಎದ್ದು ಪೂಜಾರಿಗೆ, "ಹ್ಞೂಂ, ನುಡಿಯಾಕತ್ತಾನ," ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ, "ಏನ ಅನ್ನಾಕತ್ತಾನ ಅಂತ ಅವರಿಗಿ ತಿಳಿಯಂಗಿಲ್ಲ. ನಿನಗ ತಿಳೀತಿಲ್ಲೋ?" ಎಂದರು.

ಅವರು ಮತ್ತೆ ಆ ಮಾತು ಎತ್ತಲಿಲ್ಲ. ಅಂದಿನಿಂದ ನಾನು ಹಾಸಿದ ಕಲ್ಲುಗಳನ್ನು ಬಡಿದು ನೋಡುವುದನ್ನು ಬಿಟ್ಟರು. ಮುಂದೆ ಎಂಟು ವರ್ಷ ಬದುಕಿದರು. ಒಂದು ದಿನವಾದರೂ ಬಡಿದು ನೋಡಲಿ, ಒಂದು ಕಲ್ಲಿನ ಮೇಲಾದರೂ ಥಾಪಿ ಇಡಲಿ ಎಂದು ನಾನು ಕಾಯುತ್ತಿದ್ದೆ.

ಕಾಲ ಬದಲಾಯಿತು. ತಾಳಿಕೋಟಿ ಕಲ್ಲು ಹಿಂದೆ ಬಿತ್ತು, ಟೈಲ್ಸ್ ಬಂತು, ಗ್ರಾನೈಟ್ ಬಂತು. ನೀರಿನ ನಳಿಕೆ ಹೋಗಿ ಗೋಡೆಯ ಮೇಲೆ ಕೆಂಪು ಗೆರೆ ಬೀಳಿಸುವ ಯಂತ್ರ ಬಂತು. ಹೊಳೆಯ ಉಸುಕು ಸಿಗದಾಯಿತು, ಕಲ್ಲು ಅರೆದು ಮಾಡಿದ ಉಸುಕು ಬಂತು. ಚೀಲದಲ್ಲಿ ಬರುವ ಗೋಂದನ್ನು ಈಗ ಗರಗಸದಂತೆ ಹಲ್ಲಿರುವ ಪಟ್ಟಿಯಿಂದ ಎಳೆದು ಟೈಲ್ಸ್ ಒತ್ತುತ್ತಾರೆ. ಅವಸರದಲ್ಲಿ ಐದು ಮುದ್ದೆ ಇಟ್ಟು ಒತ್ತುವವರನ್ನೂ ಕಂಡಿದ್ದೇನೆ. ಅವರಿಗೆ ಬೈಯಲು ಬಾಯಿ ತೆರೆದವನು ಎಷ್ಟೋ ಸಲ ಮುಚ್ಚಿಕೊಂಡಿದ್ದೇನೆ.

ಆ ಕಲ್ಲಿನ ಆಮೇಲೆ ಕೆಲಸ ಬಿಡುವವರೆಗೂ ನಾನು ಬೇರೆಲ್ಲ ಕಡೆ ಸರಿಯಾಗಿ ಕೆಲಸ ಮಾಡಿದೆ. ಅದು ನಿಜ. ಆದರೆ ನಮಾಜಿನಲ್ಲಿ ಹಣೆ ನೆಲಕ್ಕೆ ಮುಟ್ಟಿದಾಗಲೆಲ್ಲ ಕಿವಿ ತಾನಾಗಿಯೇ ಕೆಳಗಿನ ದನಿ ಕೇಳಲು ನಿಲ್ಲುತ್ತಿತ್ತು. ದೇವರನ್ನು ನೆನೆಯುವ ಹೊತ್ತಿನಲ್ಲಿ ನಾನು ಪೊಳ್ಳು ಹುಡುಕುತ್ತಿದ್ದೆ.

ಕಳೆದ ವರ್ಷ ಆ ಊರಿನಿಂದ ಫೋನು ಬಂತು. ಗೌಡರು ತೀರಿಹೋಗಿ ಅವರ ಮಗ ಗುಡಿಯ ಕಮಿಟಿಯ ಅಧ್ಯಕ್ಷನಾಗಿದ್ದ. "ಕಾಕಾ, ಪೂರಾ ಗುಡಿಗೆ ಗ್ರಾನೈಟ್ ಹಾಕಾಕತ್ತೇವಿ. ಅಜ್ಜನ ಕಲ್ಲ ಮಾತ್ರ ಹಂಗ ಇಟ್ಟು ಮ್ಯಾಲ ಸಣ್ಣ ಮಂಟಪ ಕಟ್ಟೋದು. ಅದಕ್ಕ ಮದ್ಲ ಒಮ್ಮೆ ಎತ್ತಿ ಕೆಳಗ ಸಮಾಧಿ ನೋಡಬೇಕಂತ ಎಲ್ಲರ ಆಸೆ. ಹಾಸಿದ ಕೈನ ಎತ್ತಬೇಕು. ಬರ್ರಿ," ಎಂದ. ಬರುತ್ತೇನೆ ಎಂದೆ.

ಕಲ್ಲು ಎತ್ತುವ ಹಿಂದಿನ ದಿನವೇ ಹೋದೆ. ಗುಡಿಗೆ ಹೋಗಲಿಲ್ಲ, ಗಂಗವ್ವನ ಮನೆಗೆ ಹೋದೆ. ಎಪ್ಪತ್ತು ದಾಟಿದ ಮುದುಕಿ. ಬಾಗಿಲಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು.

"ಯಾರಪ್ಪಾ?"

"ನಾನಕ್ಕಾ. ಫರಸಿ ಮೈಬೂಬ."

"ಬಾ ತಮ್ಮಾ ಬಾ. ಏನೋ, ನನಗಿಂತ ಮುದುಕ ಆಗಿಯಲ್ಲ!"

ಕೂತೆ. ನೀರು ಕೊಟ್ಟಳು. ಕುಡಿದು, ಹೇಳಿದೆ. ಆ ದನಿ ಅಜ್ಜನದಲ್ಲ, ಕಲ್ಲನ್ನು ಐದು ಉಂಡೆಯ ಮೇಲೆ ಇಟ್ಟಿದ್ದೆ, ಕೆಳಗೆ ಪೊಳ್ಳು, ಆ ದನಿ ಪೊಳ್ಳಿನದು ಎಂದೆ. ಆಕೆಯ ಕೈ ಮೊರದ ಮೇಲೆ ನಿಂತಿತು.

"ಅಂದ್ರ ಬುಡಕ ಅಜ್ಜ ಇಲ್ಲೇನ?"

"ಗೊತ್ತಿಲ್ಲಕ್ಕಾ. ಇದ್ರೂ ಇರಬೌದು. ಆ ಸಪ್ಪಳ ಮಾತ್ರ ಅವಂದಲ್ಲ, ನಂದು."

ಆಕೆ ಕುಸಿದಾಳು, ಶಪಿಸಿಯಾಳು ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಹುಬ್ಬು ಗಂಟಿಕ್ಕಿ ಯೋಚಿಸಿ, "ಅಲ್ಲೋ ತಮ್ಮಾ, ಪೊಳ್ಳ ಹೆಂಗಾದೀತು? ಐದ ಬುಟ್ಟಿ ಉಸುಕ ಇಟ್ಟಿದ್ದೆನಲ್ಲ," ಎಂದಳು.

ಪೊಳ್ಳಿನ ಮಾತು ಹೇಳಲು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ. ಉಸುಕಿನ ಮಾತು ಆಕೆಗೆ ನೆನಪಿರಲಾರದು ಎಂದುಕೊಂಡಿದ್ದೆ. ಬೇರೆ ದಾರಿ ಇರಲಿಲ್ಲ, ಅದನ್ನೂ ಹೇಳಿದೆ.

"ಈಗ ಎಲ್ಲಿ ಐತಿ ಅದು?"

"ಸಿಂದಗ್ಯಾಗ, ಒಬ್ಬರ ಪಡಸಾಲ್ಯಾಗ."

"ಅವರು ಅದರ ಮ್ಯಾಲ ಚಪ್ಪಲಿ ಹಾಕ್ಕೊಂಡ ಅಡ್ಡಾಡತಾರೇನು?"

"ಹೌದಕ್ಕಾ."

ಆಗ ಆಕೆ ಅತ್ತಳು. ಮೂವತ್ತು ವರ್ಷ ನಂಬಿದ ಅಜ್ಜನ ದನಿ ಸುಳ್ಳೆಂದಾಗ ಅಳಲಿಲ್ಲ, ಇದಕ್ಕೆ ಅತ್ತಳು. ಆ ಕಲ್ಲಿನ ಮುಂದೆ ಕೈಮುಗಿದಾಗಲೆಲ್ಲ ಆಕೆ ಅಜ್ಜನ ಮಾತು ಕೇಳಲು ಹೋಗುತ್ತಿರಲಿಲ್ಲ, ತಾನು ಕೊಟ್ಟದ್ದು ಅವನ ಕಾಲ ಕೆಳಗೆ ಇದೆ ಎಂಬ ಸಂತೋಷಕ್ಕೆ ಹೋಗುತ್ತಿದ್ದಳು ಎಂಬುದು ನನಗೆ ಆಗ ತಿಳಿಯಿತು. ಸೆರಗಿನಿಂದ ಮುಖ ಒರೆಸಿಕೊಂಡು, "ನಾಳಿ ಕಲ್ಲ ಎತ್ತೂದಕ್ಕ ಮದ್ಲ ಊರಿಗಿ ಹೇಳು. ನಾ ಹೇಳಂಗಿಲ್ಲ, ನೀ ಹೇಳು," ಎಂದಳು. ಊಟಕ್ಕೆ ಏಳು ಎನ್ನಲಿಲ್ಲ. ಗುಡಿ ಕಟ್ಟುವಾಗ ಎಷ್ಟೋ ಸಲ ಉಂಡಿದ್ದ ಆ ಮನೆಯಿಂದ ಉಣ್ಣದೆ ಎದ್ದದ್ದು ಅದೇ ಮೊದಲು.

ಬೆಳಿಗ್ಗೆ ಗುಡಿ ತುಂಬ ಜನ. ಹೂವಿನ ಹಾರ ಬಂದಿತ್ತು. ನಾನು ಕಂಬಿಯ ಪಕ್ಕ ನಿಂತು ಹೇಳಿದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಬ್ಬ, "ಲೇ, ನನ್ನ ಲಗ್ನ ಈ ಕಲ್ಲ ಕೇಳೇ ಮಾಡ್ಯಾರೋ! ನಂದೇನ ಗತಿ?" ಎಂದು ಕೂಗಿದ. ಅವನ ಹೆಂಡತಿ ಹೆಂಗಸರ ಕಡೆಯಿಂದ, "ನಿಂದೇನಾಗೈತಿ? ನನ್ನ ಗತಿ ಕೇಳು!" ಎಂದಳು. ಕೆಲವರು ನಕ್ಕರು. ಅಧ್ಯಕ್ಷ ನಗಲಿಲ್ಲ. "ಮೂವತ್ತ ವರ್ಷ ನಮ್ಮಪ್ಪನ ಹುಚ್ಚ ಮಾಡಿದ್ಯಾ ಕಾಕಾ?" ಎಂದ.

ಪೂಜಾರಿ ಮುಂದೆ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟ. "ಹಂಗ ಅನಬ್ಯಾಡ್ರಿ. ಸಾಬಣ್ಣ ತಪ್ಪ ಮಾಡಿಲ್ಲ. ಅಜ್ಜನೇ ಅವನ ಕೈಲೆ ಹಂಗ ಮಾಡಿಸ್ಯಾನ. ಮಾತಾಡಬೇಕು ಅಂತ ಅಜ್ಜಗ ಮನಸ ಆಗಿತ್ತು, ಜಾಗ ಮಾಡಿಸ್ಕೊಂಡಾನ. ಕಲ್ಲ ಎತ್ತೂದ ಬ್ಯಾಡ, ಹಂಗ ಇರಲಿ," ಎಂದ. ಹೌದು ಹೌದು ಎಂದು ನಾಲ್ಕು ಕಡೆಯಿಂದ ದನಿ ಬಂತು. ಸುಳ್ಳು ಹೇಳುವುದಿಲ್ಲ, ಆ ಮಾತು ಹಿಡಿದುಕೊಂಡು ಮನೆಗೆ ಹೋಗಿಬಿಡಬೇಕು ಅನ್ನಿಸಿತು. ಯಾಕೆಂದರೆ ಊರಿಗೆ ನಾನು ಪೊಳ್ಳಿನ ಮಾತಷ್ಟೇ ಹೇಳಿದ್ದೆ. ಉಸುಕಿನ ಮಾತು ಹೇಳಿರಲಿಲ್ಲ.

ಹಿಂದಿನಿಂದ ಗಂಗವ್ವನ ದನಿ ಬಂತು: "ಅಜ್ಜ ಉಸುಕ ಕದಿಯಾಕ ಹಚ್ಚಂಗಿಲ್ಲ."

ಎಲ್ಲರೂ ಆಕೆಯ ಕಡೆ ನೋಡಿದರು. ಆಕೆ ನನ್ನನ್ನೇ ನೋಡುತ್ತಿದ್ದಳು. ಪೂಜಾರಿಯ ಕೈ ನನ್ನ ಹೆಗಲಿನಿಂದ ಇಳಿಯಿತು. ನಾನು ಟ್ರ್ಯಾಕ್ಟರಿನಿಂದ ಹಿಡಿದು ಮಡಚಿದ ಸೀರೆಯವರೆಗೆ ಎಲ್ಲ ಹೇಳಿದೆ. ಈ ಸಲ ಯಾರೂ ನಗಲಿಲ್ಲ.

ಅಧ್ಯಕ್ಷ ಹಾರವನ್ನು ಪಕ್ಕಕ್ಕೆ ಇಡಿಸಿ, ಹಾರೆ ತರಿಸಿದ. ಇಬ್ಬರು ಎತ್ತಿದರು. ಕೆಳಗೆ ಸಮಾಧಿ ಕಾಣಲಿಲ್ಲ. ಒಣಗಿದ ಐದು ಗಾರೆ ಉಂಡೆಗಳು, ಒಂದು ಜೇಡರ ಬಲೆ. ಅಷ್ಟೇ. ಜನ ಬಗ್ಗಿ ನೋಡಿ ಒಬ್ಬೊಬ್ಬರಾಗಿ ಹಿಂದೆ ಸರಿದರು.

ಗಂಗವ್ವ ಸಾಣಿಗೆ ಕೇಳಿದಳು. ಗ್ರಾನೈಟ್ ಕೆಲಸಕ್ಕೆ ತಂದಿದ್ದ ಕಲ್ಲುಪುಡಿಯ ಉಸುಕು ಹೊರಗೆ ಬಿದ್ದಿತ್ತು. ಅದರ ಪಕ್ಕ ಕೂತು ಸೋಸತೊಡಗಿದಳು. ಒಬ್ಬಳು ಹುಡುಗಿ ನೆರವಿಗೆ ಹೋದರೆ, "ಸರಿ ಅತ್ಲಾಗ," ಎಂದಳು. ಒಂದು ಸಲ, ಎರಡು ಸಲ, ಮೂರು ಸಲ. ಮಧ್ಯಾಹ್ನವಾಯಿತು. ಮನೆಗೆ ಹೋಗಿದ್ದವರೂ ಊಟ ಮುಗಿಸಿ ಬಂದು ಬೇವಿನ ನೆರಳಿನಲ್ಲಿ ಕೂತರು. ಐದನೆಯ ಬುಟ್ಟಿ ತುಂಬಿದಾಗ, "ತಗೋ," ಎಂದಳು.

ಐದು ವರ್ಷದಿಂದ ಮಡಚದ ಮೊಣಕಾಲನ್ನು ಮಡಚಿ ಕೂತೆ. ಹಳೆಯ ಉಂಡೆಗಳನ್ನು ಕೆತ್ತಿ ತೆಗೆದು, ನೆಲ ಗುಡಿಸಿ, ನೀರು ಚಿಮುಕಿಸಿ, ಗಾರೆ ಕಲಸಿ, ಮೂಲೆ ಮೂಲೆಗೂ ಒತ್ತಿ ತುಂಬಿದೆ. ಅಂಗೈಯಿಂದಲೇ ಒತ್ತಿದೆ. ನಾಲ್ಕು ಜನ ಕಲ್ಲು ಇಳಿಸಿದರು. ಪೂಜಾರಿ ಬೆರಳಿನಿಂದ ಬಡಿದು ನೋಡಿದ. ಏನೂ ಬರಲಿಲ್ಲ. ಅವನ ಮುಖ ಸಣ್ಣದಾಯಿತು. ಹಿಂದೆ ನಿಂತಿದ್ದ ಕೆಲವರ ಮುಖವೂ. ಆ ಮುಖಗಳು ನನಗೆ ಇನ್ನೂ ಕಾಣುತ್ತವೆ. ಅವರಿಂದ ನಾನು ಕಿತ್ತುಕೊಂಡದ್ದು ಏನೆಂದು ನನಗೆ ಗೊತ್ತು, ಅದಕ್ಕೆ ಬದಲು ಕೊಡಲು ನನ್ನಲ್ಲಿ ಏನೂ ಇಲ್ಲ.

"ಎರಡ ದಿನ ಯಾರೂ ಕಾಲ ಇಡಬ್ಯಾಡ್ರಿ," ಎಂದೆ. ನಾನು ಅಲ್ಲೇ ಗುಡಿಯ ಕಟ್ಟೆಯ ಮೇಲೆ ಉಳಿದೆ. ಗಾರೆ ಬಿರಿಯದೆ ಗಟ್ಟಿಯಾಗಲಿ ಎಂದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸಂದುಗಳಿಗೆ ನೀರು ಹಾಕಿದೆ. ಊರವರು ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಹೊತ್ತಿಗೆ ಸರಿಯಾಗಿ ಯಾರ ಮನೆಯಿಂದಲೋ ರೊಟ್ಟಿ ಬರುತ್ತಿತ್ತು. ಯಾರ ಮನೆಯದೆಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಗಂಗವ್ವ ಮಿಂದು ಬಂದಳು. ಕಂಬಿ ತೆಗೆದಿದ್ದರು. ಹಳೆಯ ಅಭ್ಯಾಸದಂತೆ ಗೋಡೆಯ ಕಡೆಗೆ ಸರಿದವಳು ನಿಂತಳು. ಆಮೇಲೆ ತಿರುಗಿ, ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ಹಿಡಿದು, ಕಲ್ಲಿನ ಮೇಲೆ ಒಂದು ಕಾಲು ಇಟ್ಟಳು, ಇನ್ನೊಂದು ಇಟ್ಟಳು, ನೇರವಾಗಿ ಒಳಗೆ ಹೋದಳು. ಬಹಳ ಹೊತ್ತು ಒಳಗಿದ್ದಳು. ಬರುವಾಗಲೂ ಅದರ ಮೇಲೆಯೇ ನಡೆದು ಬಂದಳು.

ನಾನು ಚೀಲ ಹಿಡಿದು ಬಸ್ಸಿಗೆ ಹೊರಟು ನಿಂತಿದ್ದೆ. ಆಕೆ ಕಲ್ಲಿನ ಸಂದನ್ನು ಬಗ್ಗಿ ಮುಟ್ಟಿ ನೋಡಿ, ನನ್ನ ಮುಖ ನೋಡದೆ, "ಬಿಸಲ ಭಾಳ ಐತಿ. ಇನ್ನೊಂದ ದಿನ ಇದ್ದು ನೀರ ಹೊಡಿ," ಎಂದಳು.

ಚೀಲ ಕೆಳಗಿಟ್ಟು, ಕೊಡ ತೆಗೆದುಕೊಂಡು ಬಾವಿಗೆ ಹೋದೆ.